ಎರಡು ಕೊಳಗ

(ಸಂವಿಧಾನ ದಿನದಂದು ಸಾಗರದ ಕಾಲೇಜೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಕರೆಂಟ್ ಹೋಗಿ ಮೈಕ್ ಇಲ್ಲದೆ ಕಿರುಚಿದ ಹತ್ತು ನಿಮಿಷವನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ತಾನೇ ನಾವೆಲ್ಲ ಎದ್ದು ನಿಂತು ಸಂವಿಧಾನದ ಪೀಠಿಕೆ ಓದಿದೆವು. 2023ರಿಂದ ನಮ್ಮ ರಾಜ್ಯದ ಶಾಲೆ ಕಾಲೇಜುಗಳಲ್ಲಿ ಇದನ್ನು ಓದಿಸುತ್ತಿದ್ದಾರೆ. ಒಳ್ಳೆಯದೇ. ಸಮಾನತೆ ಅನ್ನುವ ಸಾಲು ಬಂದಾಗ ನಾನು ಸುಮ್ನೆ ಒಮ್ಮೆ ತಲೆ ಎತ್ತಿ ನೋಡಿದೆ. ಮುಂದುಗಡೆ ಬಿಳಿ ಬಟ್ಟೆ ಹೊದಿಸಿದ ಮೂರು ಸೋಫಾ. ಎರಡರಲ್ಲಿ ಯಾರೂ ಇಲ್ಲ. ಹಿಂದೆ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತ ಮೂವತ್ತು ನಲವತ್ತು ಹುಡುಗರು. ಪೀಠಿಕೆ ಮುಗಿಯಿತು, ನಾವು ಕೂತೆವು. ಅವರು ಇನ್ನೂ ನಿಂತೇ ಇದ್ದಾರೆ. ಬನ್ರಪ್ಪಾ, ಈ ಸೋಫಾ ಖಾಲಿ ಇದೆ, ಕೂತ್ಕೊಳ್ಳಿ. ಯಾರೂ ಏನೂ ಅನ್ನಲ್ಲ.

(ನಾಲ್ಕು ಜನ ಬಂದು ಸೋಫಾದ ತುದಿಯಲ್ಲಿ ಕೂತರು. ಉಳಿದವರು ನಕ್ಕು ಅಲ್ಲೇ ನಿಂತರು.)

ದೇಶ ಹೇಳುವುದೇನು, ಮಾಡುವುದೇನು ಎಂಬ ವಿಷಯದ ಮೇಲೆ ಮಾತಾಡಿ ಅಂದಿದ್ದಾರೆ. ಇದರ ಮೇಲೆ ಒಂದು ಗಂಟೆ ಬೈದು ಚಪ್ಪಾಳೆ ಗಿಟ್ಟಿಸುವುದು ಸುಲಭ. ದೇಶವನ್ನು ಬೈದರೆ ಬೈದವನು ಆ ದೇಶದಿಂದ ಹೊರಗೆ ನಿಂತ ಹಾಗೆ ಕಾಣುತ್ತಾನೆ, ಅದೊಂದು ಅನುಕೂಲ. ನಾನು ಇಲ್ಲೇ ಹತ್ತಿರದ ಕಾಗೋಡಿನಿಂದ ಶುರು ಮಾಡುತ್ತೇನೆ. ಬೈಕಿನಲ್ಲಿ ಹೋದರೆ ಅರ್ಧ ಗಂಟೆಯೂ ಬೇಡ.

ನಿಮ್ಮಲ್ಲಿ ಎಷ್ಟು ಜನ ಕೊಳಗ ನೋಡಿದ್ದೀರಿ? ಆರು ಕೈ. ಅಷ್ಟಾದರೂ ಇದೆಯಲ್ಲ. ಭತ್ತ ಅಳೆಯುವ ಪಾತ್ರೆ ಅದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಗದ್ದೆ ಒಡೆಯರದು, ಉಳುವವರು ಗೇಣಿದಾರರು, ವರ್ಷಕ್ಕೆ ಇಷ್ಟು ಖಂಡುಗ ಗೇಣಿ ಎಂದು ಮಾತು. ಕಾಗೋಡಿನ ಜಗಳ ಹುಟ್ಟಿದ್ದು ಈ ಪಾತ್ರೆಯಿಂದ. ಗೇಣಿ ಅಳೆಯುವ ಕೊಳಗ ಮಾಮೂಲಿ ಕೊಳಗಕ್ಕಿಂತ ದೊಡ್ಡದಿತ್ತು. ಗಮನಿಸಿ, ಗೇಣಿ ಜಾಸ್ತಿ ಮಾಡಿದ್ದೇವೆ ಎಂದು ಯಾರೂ ಹೇಳಲಿಲ್ಲ. ಖಂಡುಗದ ಲೆಕ್ಕ ಹಿಂದೆ ಎಷ್ಟಿತ್ತೋ ಅಷ್ಟೇ. ಮಾತು ಬದಲಾಗಲಿಲ್ಲ, ಪಾತ್ರೆ ಬದಲಾಯಿತು. ನನ್ನ ಅಜ್ಜಿ ಹೇಳುತ್ತಿದ್ದಳು: ಬೀಜಕ್ಕೆ ಅಂತ ಸಾಲ ಕೊಡುವಾಗ ಒಂದು ಕೊಳಗ ಬರುತ್ತಿತ್ತು, ಸಾಲ ತೀರಿಸುವಾಗ ಒಳಗಿನಿಂದ ಇನ್ನೊಂದು ಬರುತ್ತಿತ್ತು, ಎರಡಕ್ಕೂ ಹೆಸರು ಕೊಳಗ ಅಂತಲೇ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಒಂದು ದೇಶ ದೊಡ್ಡ ಮಾತು ಹೇಳುತ್ತದೆ. ಆ ಮಾತು ಸುಳ್ಳೋ ನಿಜವೋ ಎಂದು ಗುದ್ದಾಡುವ ಬದಲು ಅಳೆಯುವ ಪಾತ್ರೆಯನ್ನು ನೋಡಬೇಕು. ನಮ್ಮಿಂದ ತೆಗೆದುಕೊಳ್ಳುವಾಗ ಯಾವ ಕೊಳಗ ಬರುತ್ತದೆ, ನಮಗೆ ಕೊಡುವಾಗ ಯಾವುದು ಬರುತ್ತದೆ.

ಕಾಗೋಡು ಸತ್ಯಾಗ್ರಹ ನಡೆದದ್ದು 1951ರಲ್ಲಿ. ಇಸವಿಯನ್ನು ನೆನಪಿಡಿ. ಬ್ರಿಟಿಷರು ಹೋಗಿದ್ದರು. ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ. 1949ರ ನವೆಂಬರ್ 25ರಂದು, ಅಂದರೆ ನಾವು ಇವತ್ತು ಆಚರಿಸುವ ದಿನದ ಹಿಂದಿನ ದಿನ, ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಜನವರಿ 26ರಂದು ನಾವು ವಿರೋಧಾಭಾಸದ ಬದುಕಿಗೆ ಕಾಲಿಡುತ್ತಿದ್ದೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ ಎಂದು. ಬರೆದವರೇ ಹೇಳಿದ ಮಾತು. ಅದು ನಿಜ ಎಂದು ತೋರಿಸಲು ಕಾಗೋಡಿಗೆ ಹದಿನೇಳು ತಿಂಗಳು ಸಾಕಾಯಿತು.

ಕಾಗೋಡಿನಲ್ಲಿ ನ್ಯಾಯದ ಅಳತೆ ಕೇಳಿದವರು ಹೆಚ್ಚಿನವರು ದೀವರು ಎಂಬ ಸಮುದಾಯದ ಗೇಣಿದಾರರು. ಹೆಚ್. ಗಣಪತಿಯಪ್ಪನವರು ಅವರನ್ನು ಸಂಘಟಿಸಿದರು. ಕೊಳಗ ಸರಿ ಮಾಡಿ ಅಂದದ್ದಕ್ಕೆ ಗದ್ದೆಯಿಂದಲೇ ಬಿಡಿಸುವ ಮಾತು ಬಂತು. ಆಗ ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಪೊಲೀಸರು ಬಂದರು. ಯಾರ ಪರವಾಗಿ ಬಂದರು ಎಂದು ಬೇರೆ ಹೇಳಬೇಕೇ? ನೂರಾರು ಜನ ಜೈಲಿಗೆ ಹೋದರು. ಶಾಂತವೇರಿ ಗೋಪಾಲಗೌಡರು ಮತ್ತು ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಅಷ್ಟು ದೂರದಿಂದ ಬಂದು ಇಲ್ಲಿ ಬಂಧನಕ್ಕೆ ಒಳಗಾದರು. ನಿಮ್ಮೂರಿನ ಒಂದು ಭತ್ತದ ಪಾತ್ರೆ ದೇಶದ ಸುದ್ದಿಯಾಗಿತ್ತು. ಈಗ ಅಲ್ಲಿ ಹೋಗಿ ಸೆಲ್ಫಿ ತೆಗೆದುಕೊಳ್ಳುವವರಾದರೂ ಇದ್ದಾರಾ, ಗೊತ್ತಿಲ್ಲ.

'ಉಳುವವನೇ ಹೊಲದೊಡೆಯ' ಎಂಬ ಮಾತಿಗೆ ಗಟ್ಟಿ ಕಾನೂನು ಬಂದದ್ದು ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ. ಕಾಗೋಡಿನಿಂದ ಲೆಕ್ಕ ಹಾಕಿದರೆ 23 ವರ್ಷ. ಗೋಪಾಲಗೌಡರು 1972ರಲ್ಲೇ ತೀರಿಕೊಂಡಿದ್ದರು, ಅವರು ಅದನ್ನು ನೋಡಲಿಲ್ಲ. ನಮ್ಮಪ್ಪ ನೋಡಿದರು. ಉಳುವ ಗದ್ದೆಯ ಒಡೆತನ ಕೇಳಿ ಗೇಣಿದಾರರು ಹಾಕುವ ಅರ್ಜಿ, ಫಾರಂ 7 ತುಂಬಿ, ಭೂ ನ್ಯಾಯ ಮಂಡಳಿ ಮುಂದೆ ಕೈಕಟ್ಟಿ ನಿಂತು, ಎರಡು ಎಕರೆ ಗದ್ದೆ ಅವರ ಹೆಸರಿಗೆ ಬಂತು. ನಾನು ಬಿ.ಎ., ಬಿ.ಎಡ್. ಮಾಡಿ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿದ್ದು ಆ ಎರಡು ಎಕರೆಯಿಂದ. ಆದ್ದರಿಂದ ಈ ದೇಶದ ಮಾತೆಲ್ಲ ಬೊಗಳೆ ಎಂದು ನಾನು ಹೇಳಲಾರೆ. ಹೇಳಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಮಾತು ಗದ್ದೆಗೆ ಇಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು ಅಪ್ಪನ ಕಡೆಯ ಕಥೆ. ಅಮ್ಮನ ಕಡೆಯದು ನೀರಿನ ಅಡಿಯಲ್ಲಿದೆ.

ಅಮ್ಮನ ತವರು ಶರಾವತಿ ದಂಡೆಯಲ್ಲಿತ್ತು. ಜೋಗದ ವಿದ್ಯುತ್ತಿಗಾಗಿ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು, ಜನ ಮಡೆನೂರು ಡ್ಯಾಂ ಅನ್ನುತ್ತಾರೆ. ಆಮೇಲೆ 1964ರಲ್ಲಿ ಲಿಂಗನಮಕ್ಕಿ ಬಂತು. ಆ ಮೊದಲಿನ ಡ್ಯಾಂ ಕೂಡ ಅದರಲ್ಲಿ ಮುಳುಗಿತು. ಅಣೆಕಟ್ಟನ್ನೇ ಮುಳುಗಿಸಿದ ನೀರು ಊರುಗಳನ್ನು ಬಿಡುತ್ತದಾ? ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮಡೆನೂರು ಡ್ಯಾಂ ಮೇಲೆ ಏಳುತ್ತದೆ, ನೀವೆಲ್ಲ ರೀಲ್ಸ್ ಮಾಡಲು ಹೋಗಿರುತ್ತೀರಿ. ಇನ್ನೂ ಇಳಿದರೆ ಬಾವಿಯ ಕಟ್ಟೆ, ಗದ್ದೆಯ ಅಂಚು ಕಾಣುತ್ತವೆ. ಅಮ್ಮ ಬದುಕಿರುವಾಗ ಒಂದು ಸಲ ಕರೆದುಕೊಂಡು ಹೋಗಿದ್ದೆ. ಅವರು ಅಳುತ್ತಾರೆ ಅಂದುಕೊಂಡಿದ್ದೆ. ಅವರು ಕೆಸರಿನಲ್ಲಿ ನಿಂತು, ನಮ್ಮ ಹಿತ್ತಲು ಇಷ್ಟು ಸಣ್ಣದಿತ್ತಾ ಅಂದರು, ಅಷ್ಟೇ.

ಜೋಗದ ಮೊದಲ ವಿದ್ಯುದಾಗಾರಕ್ಕೆ ಮೊದಲು ಮಹಾರಾಜರ ಹೆಸರಿತ್ತು, ಆಮೇಲೆ ಮಹಾತ್ಮ ಗಾಂಧಿ ಎಂದು ಇಟ್ಟರು. ಕಟ್ಟಕಡೆಯ ಮನುಷ್ಯನ ಮುಖ ನೆನಪಿಸಿಕೊಳ್ಳಿ ಅಂದವರು ಗಾಂಧಿ. ಅವರ ಹೆಸರಿನ ಬೋರ್ಡು ಇರುವ ಕಟ್ಟಡದಿಂದ ಹೊರಟ ತಂತಿ ಬೆಂಗಳೂರಿನ ಕಡೆಗೆ ಹೋಯಿತು. ಲಿಂಗನಮಕ್ಕಿ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ರಾಜ್ಯದ ಕಾರ್ಖಾನೆಗಳು ಎದ್ದದ್ದು ಆ ಬೆಳಕಿನಲ್ಲಿ. ನಾನು ಡ್ಯಾಂ ಕಟ್ಟಬಾರದಿತ್ತು ಅನ್ನುವವನಲ್ಲ. ಕಟ್ಟಬೇಕಿತ್ತೇನೋ. ಕೊಳಗದ ಬಗ್ಗೆ ಮಾತ್ರ ಕೇಳುತ್ತಿದ್ದೇನೆ.

ತೆಗೆದುಕೊಳ್ಳುವಾಗ ಅವಸರವಿತ್ತು. ನೀರು ಬರುತ್ತದೆ, ಏಳಿ. ಸಾಮಾನು, ದನ, ಮಕ್ಕಳು, ಹಂಡೆ, ಎಲ್ಲವನ್ನೂ ಲಾರಿಗೆ ತುಂಬಿ ಕಾಡಿನ ನಡುವೆ ಇಳಿಸಿದರು. ಇಲ್ಲೇ ಇರಿ, ಇದೇ ನಿಮ್ಮ ಜಾಗ ಅಂದರು. ಆಗ ಯಾರೂ ಇವರ ಹತ್ತಿರ ದಾಖಲೆ ಕೇಳಲಿಲ್ಲ. ನಂಬಿಕೆಯ ಮೇಲೆ ವ್ಯವಹಾರ ನಡೆಯಿತು. ಇವರು ನಂಬಿದರು.

ಕೊಡುವಾಗ ಬಂದದ್ದು ಇನ್ನೊಂದು ಕೊಳಗ. ಇವರನ್ನು ಇಳಿಸಿದ ಜಾಗ ಕಾಗದದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಆಮೇಲೆ ಅರಣ್ಯದ ಒಂದು ಗುಂಟೆ ಬಿಡಿಸಬೇಕಾದರೂ ದೆಹಲಿಯ ಒಪ್ಪಿಗೆ ಬೇಕು. ರಾಜ್ಯ ಸರ್ಕಾರಗಳು ಆ ಒಪ್ಪಿಗೆ ಪಡೆಯದೆ ಡಿನೋಟಿಫೈ ಆದೇಶ, ಅಂದರೆ ಈ ಜಾಗ ಇನ್ನು ಅರಣ್ಯವಲ್ಲ ಎನ್ನುವ ಆದೇಶ, ಮಾಡುತ್ತಾ ಹೋದವು. ಹಕ್ಕುಪತ್ರ ಹಂಚುವ ಸಮಾರಂಭ ಆಯಿತು, ಫೋಟೋ ಆಯಿತು. 2021ರಲ್ಲಿ ಹೈಕೋರ್ಟ್ ಆ ಆದೇಶಗಳನ್ನು ರದ್ದು ಮಾಡಿತು. ಕೋರ್ಟನ್ನು ಬೈಯುವುದು ಸರಿಯಲ್ಲ, ಅದು ಕಾನೂನು ನೋಡಿತು. ಕಾನೂನು ಗೊತ್ತಿದ್ದೂ ಕಾಗದ ಹಂಚಿದವರು ಮುಂದಿನ ಚುನಾವಣೆಗೆ ಮತ್ತೆ ನಮ್ಮ ಬಾಗಿಲಿಗೆ ಬಂದರು. ನಾವೂ ಕಾಫಿ ಕೊಟ್ಟೆವು.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನಲ್ಲಿ ಬದುಕುವವರಿಗೆ ಆದ ಐತಿಹಾಸಿಕ ಅನ್ಯಾಯವನ್ನು ಸರಿಪಡಿಸುತ್ತೇವೆ ಎಂದು ಕಾಯ್ದೆಯ ಶುರುವಿನಲ್ಲೇ ಬರೆದಿದೆ. ಓದಿದರೆ ಕಣ್ಣು ತುಂಬುತ್ತದೆ. ಒಳಗೆ ಹೋಗಿ ನೋಡಿ. ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದನ್ನು ತೋರಿಸಬೇಕು. ಲೆಕ್ಕ ಹಾಕಿ. 1930ಕ್ಕೆ ಹೋಗಿ ನಿಲ್ಲುತ್ತದೆ. 1960ರ ಆಸುಪಾಸಿನಲ್ಲಿ ಸರ್ಕಾರವೇ ಲಾರಿಯಲ್ಲಿ ತಂದು ಇಳಿಸಿದ ಮನುಷ್ಯ 1930ರಿಂದ ಇಲ್ಲಿದ್ದೇನೆ ಎಂದು ಹೇಗೆ ತೋರಿಸುತ್ತಾನೆ? ಅದಕ್ಕೂ ಮುಂಚೆ ಅವನು ಇದ್ದದ್ದು ಕಾಡಿನ ಊರಿನಲ್ಲೇ. ಆ ಊರು ಈಗ ಲಿಂಗನಮಕ್ಕಿಯಲ್ಲಿದೆ.

ನನ್ನ ಸೋದರಮಾವ ಒಬ್ಬರು, ಎಂಬತ್ತು ದಾಟಿದವರು, ಒಂದು ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದಾಗ ಮೊಮ್ಮಗನನ್ನು ಕರೆದುಕೊಂಡು ಹೋಗಿ ಹಳೇ ಮನೆಯ ಬಾವಿಯ ಫೋಟೋ ತೆಗೆಸಿಕೊಂಡು ಬಂದರು. ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದು ಕಚೇರಿಗೆ ಒಯ್ದರು. ಜೊತೆಗೆ ನಾನೂ ಇದ್ದೆ. ಕೇಸ್ ವರ್ಕರ್ ಒಳ್ಳೆಯ ಹುಡುಗ. ಫೋಟೋವನ್ನು ಕೈಯಲ್ಲಿ ಹಿಡಿದು ನೋಡಿದ. "ಬಾವಿ ಭಾರಿ ಚೆನ್ನಾಗಿದೆ ಅಜ್ಜಾ, ಸರ್ವೆ ನಂಬರ್ ಇದೆಯಾ?" ಅಂದ. 2008ರ ನಿಯಮಗಳಲ್ಲಿ ಊರಿನ ಹಿರಿಯರು ಕೊಟ್ಟ ಹೇಳಿಕೆಯನ್ನೂ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದಿದೆ. ನಾನು ಆ ಪುಟವನ್ನು ಜೆರಾಕ್ಸ್ ಮಾಡಿಸಿ ಒಯ್ದಿದ್ದೆ. ಅವನು ಅದನ್ನೂ ಓದಿದ. "ಇದು ಸರಿ ಸಾರ್. ಆದರೆ ಮೇಲಿನವರು ಕಾಗದ ಕೇಳ್ತಾರೆ" ಅಂದ. ರಾಜ್ಯದಲ್ಲಿ ಈ ಕಾಯ್ದೆಯಡಿ ಹಾಕಿದ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕಾರವಾಗಿವೆ. ಆ ಹುಡುಗ ಯಾರ ಮೇಲೂ ದ್ವೇಷ ಇಟ್ಟುಕೊಂಡವನಲ್ಲ. ಕೊಳಗ ಅವನ ಕೈಗೆ ಬರುವಾಗಲೇ ಆ ಅಳತೆಯದಾಗಿತ್ತು.

ಇನ್ನು ತುಮರಿ ಕಡೆಯವರು ಯಾರಾದರೂ ಇದ್ದೀರಾ? ಹಾಂ, ಅಲ್ಲಿ. ನಿಮಗೆ ನಾನು ಏನು ಹೇಳುವುದು. ನೀರು ಬಂದು ನಿಮ್ಮ ಕರೂರು ಸೀಮೆಯನ್ನು ಆಚೆ ದಡಕ್ಕೆ ತಳ್ಳಿತು. ಅಂಬಾರಗೋಡ್ಲು ದಡದಲ್ಲಿ ಲಾಂಚಿಗೆ ಕಾಯುವುದೇ ಬದುಕಾಯಿತು. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಮುಗಿಯಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. ಹೆರಿಗೆ ನೋವು ಲಾಂಚಿನ ಟೈಮ್ ನೋಡಿ ಬರುತ್ತದಾ? ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ಲಿಂಗನಮಕ್ಕಿ ಆಗಿ 61 ವರ್ಷದ ಮೇಲೆ. ಈಗ ನಾನು ಹೇಳುವುದು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸಿಗಂದೂರು ದೇವಿಯ ದರ್ಶನಕ್ಕೆ ಹೊರಗಿನಿಂದ ಇಷ್ಟು ಜನ ಬರಲು ಶುರು ಮಾಡದೆ ಇದ್ದಿದ್ದರೆ ಆ ಸೇತುವೆ ಇಷ್ಟು ಹೊತ್ತಿಗೆ ಬರುತ್ತಿತ್ತೇ ಎಂದು ನನಗೆ ಅನುಮಾನ. ಮನೆ ಕಳಕೊಂಡವನ ಕಷ್ಟಕ್ಕಿಂತ ಕಾರಿನಲ್ಲಿ ಬಂದವನ ಅವಸರಕ್ಕೆ ತೂಕ ಜಾಸ್ತಿ.

ಅದೇ ಕಣಿವೆಯಲ್ಲಿ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೆಯುತ್ತಿದೆ. ಗೇರುಸೊಪ್ಪದ ನೀರನ್ನು ತಳಕಳಲೆಗೆ ಮೇಲೆತ್ತಿ ಮತ್ತೆ ಬಿಡುವುದು. ಜಾಗ ಸಿಂಗಳೀಕಗಳ ಅಭಯಾರಣ್ಯ, ಸಾವಿರಾರು ಮರ ಹೋಗುತ್ತವೆ. ಯೋಜನೆ ಬೇಕೋ ಬೇಡವೋ ಎಂಬ ಚರ್ಚೆಗೆ ಇನ್ನೊಂದು ದಿನ ಕರೆಯಿರಿ, ಬರುತ್ತೇನೆ. ಇವತ್ತು ಅಳತೆ ಮಾತ್ರ ನೋಡಿ. ಮುಳುಗಡೆಯವನ ಅರ್ಧ ಎಕರೆ ಅಡಿಕೆ ತೋಟ ಕಾಡಿಗೆ ಅಪಾಯ ಎಂದು ನೋಟಿಸ್ ಬರುತ್ತದೆ. ದೊಡ್ಡ ಸುರಂಗಕ್ಕೆ ಮಾತ್ರ ಅದೇ ಕಾಡಿನಲ್ಲಿ ದಾರಿ ಹುಡುಕುವ ಕೆಲಸ ನಡೆಯುತ್ತದೆ.

ಇದು ನಮ್ಮ ದೇಶದ ರೋಗ ಮಾತ್ರ ಅಂದುಕೊಳ್ಳಬೇಡಿ. ಎಲ್ಲ ಮನುಷ್ಯರೂ ಸಮಾನರಾಗಿ ಹುಟ್ಟಿದ್ದಾರೆ ಎಂದು 1776ರಲ್ಲಿ ಅಮೆರಿಕ ಸಾರಿತು. ಅದನ್ನು ಬರೆದ ಜೆಫರ್ಸನ್ ತನ್ನ ಜೀವಮಾನದಲ್ಲಿ ಆರುನೂರಕ್ಕೂ ಜಾಸ್ತಿ ಗುಲಾಮರನ್ನು ಇಟ್ಟುಕೊಂಡಿದ್ದ. 1852ರಲ್ಲಿ ಸ್ವಾತಂತ್ರ್ಯ ದಿನದ ಭಾಷಣಕ್ಕೆ ಫ್ರೆಡರಿಕ್ ಡಗ್ಲಾಸ್ ಎಂಬವನನ್ನು ಕರೆದರು. ಅವನು ಗುಲಾಮನಾಗಿ ಹುಟ್ಟಿ ತಪ್ಪಿಸಿಕೊಂಡು ಬಂದವನು. ನಿಮ್ಮ ಈ ಜುಲೈ 4 ಗುಲಾಮನಿಗೆ ಏನು ಎಂದು ಕೇಳಿದ. ಅವನ ಜಾಣತನ ನೋಡಿ, ಆ ಘೋಷಣೆಯನ್ನು ಹರಿದು ಹಾಕಿ ಅನ್ನಲಿಲ್ಲ. ಅದನ್ನೇ ಅವರ ಮುಂದೆ ಹಿಡಿದು, ಇದರಲ್ಲಿ ಅಳೆಯಿರಿ ಅಂದ. ಕಾಗೋಡಿನವರೂ ಕೇಳಿದ್ದು ಅದನ್ನೇ.

ಹಾಗಾಗಿ ಪೀಠಿಕೆ ಓದುವುದು ಬರೀ ತೋರಿಕೆ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಆ ಮಾತುಗಳಿಗೆ ಬೆಲೆ ತೆತ್ತವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಶಿಕಾರಿಪುರದ ಈಸೂರು 1942ರಲ್ಲಿ ನಮ್ಮದು ಸ್ವತಂತ್ರ ಊರು ಅಂದಿತು. ಹುಡುಗರನ್ನೇ ಅಮಲ್ದಾರ, ಪೊಲೀಸ್ ಎಂದು ಮಾಡಿಕೊಂಡಿತು. ಗಲಾಟೆಯಲ್ಲಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತರು. ಮಾದರಿ ಸಂಸ್ಥಾನ ಎಂದು ಹೆಸರಾದ ಮೈಸೂರು 1943ರ ಮಾರ್ಚ್‌ನಲ್ಲಿ ಆ ಊರಿನ ಐದು ಜನರನ್ನು ಗಲ್ಲಿಗೇರಿಸಿತು. ಸ್ವಾತಂತ್ರ್ಯ ಎಂಬ ಪದವನ್ನು ಅವರು ಪೀಠಿಕೆಯಲ್ಲಿ ಓದಿ ಕಲಿತವರಲ್ಲ, ಆಗ ಪೀಠಿಕೆಯೇ ಇರಲಿಲ್ಲ.

ಇಲ್ಲಿಯವರೆಗೆ ಸರ್ಕಾರದ ಕೊಳಗ ಆಯಿತು. ಈಗ ನಮ್ಮ ಮನೆಯದು.

1974ರ ಕಾನೂನು ಗೇಣಿದಾರನಿಗೆ ಗದ್ದೆ ಕೊಟ್ಟಿತು. ಅದೇ ಗದ್ದೆಯಲ್ಲಿ ನಮ್ಮ ಜೊತೆ ನಾಟಿ ಮಾಡುತ್ತಿದ್ದ ಕೂಲಿಯವರಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು? ಹೆಚ್ಚಿನವರು ದಲಿತರು. ಅವರಿಗೆ ಫಾರಂ 7 ಇರಲಿಲ್ಲ. ಆ ವರ್ಷ ಅಪ್ಪ ಒಡೆಯರ ಮನೆಗೆ ಗೇಣಿ ಹೊರುವುದು ನಿಂತಿತು. ಆ ಕೂಲಿಯವರಿಗೆ ಬದಲಾದದ್ದು ಒಡೆಯರ ಹೆಸರು ಮಾತ್ರ. ಈಗ ನಾವು ಒಡೆಯರು.

ಗಂಡಾಳು ಹೆಣ್ಣಾಳಿನ ಕೂಲಿಯನ್ನೇ ತೆಗೆದುಕೊಳ್ಳಿ. ಸಮಾನ ಕೆಲಸಕ್ಕೆ ಸಮಾನ ವೇತನದ ಕಾಯ್ದೆ 1976ರಲ್ಲೇ ಬಂತು. ನಮ್ಮಲ್ಲಿ ಅಡಿಕೆ ಸುಲಿಯುವುದಕ್ಕೆ ಕೇಜಿ ಲೆಕ್ಕ, ಅಲ್ಲಿ ಭೇದ ಇಲ್ಲ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸರು ಗಂಡಸರಿಗಿಂತ ಜಾಸ್ತಿ ಸುಲಿದು ಜಾಸ್ತಿ ದುಡಿಯುತ್ತಾರೆ. ದಿನಗೂಲಿಗೆ ಬಂದ ಕೂಡಲೇ ಎರಡು ಕೊಳಗ. ಗಂಡಸರು ಭಾರದ ಕೆಲಸ ಮಾಡ್ತಾರೆ ಅನ್ನುತ್ತೇವೆ. ಗೊಬ್ಬರದ ಬುಟ್ಟಿ ತಲೆ ಮೇಲೆ ಹೊತ್ತು ದರೆ ಇಳಿಯುವವರು ಯಾರು? ನನ್ನ ತೋಟದಲ್ಲೂ ಹೀಗೇ ನಡೆಯುತ್ತಿತ್ತು. ಮೂರು ವರ್ಷದ ಹಿಂದೆ ಸರಿ ಮಾಡಲು ಹೋದೆ. ಪಕ್ಕದ ತೋಟದವರು ಬಂದು, ಮೇಷ್ಟ್ರೇ, ನೀವು ರೇಟ್ ಕೆಡಿಸ್ತಿದೀರಿ ಅಂದರು. ನಾನು ಪೂರ್ತಿ ಸಮ ಮಾಡಲಿಲ್ಲ. ಅರ್ಧಕ್ಕೆ ನಿಲ್ಲಿಸಿದೆ. ಊರಲ್ಲಿ ಬದುಕಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸರ್ಕಾರವೂ ಬಹುಶಃ ಹೀಗೇ ಹೇಳಿಕೊಳ್ಳುತ್ತದೆ.

ನನ್ನ ಸಮಯ ಮುಗಿದಿದೆ ಎಂದು ಪ್ರಿನ್ಸಿಪಾಲರು ವಾಚ್ ನೋಡುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ.

(ಮೂರ್ನಾಲ್ಕು ಪ್ರಶ್ನೆ ಬಂದವು. ಕೊನೆಯದನ್ನು ಮಾತ್ರ ಇಲ್ಲಿ ಬರೆಯುತ್ತಿದ್ದೇನೆ. ಸೋಫಾದಲ್ಲಿ ಬಂದು ಕೂತವರಲ್ಲಿ ಒಬ್ಬ ಹುಡುಗ ಕೇಳಿದ್ದು.)

"ಸಾರ್, ನಿಮ್ಮ ಮನೇಲಿ ಕೆಲಸಕ್ಕೆ ಬರುವವರಿಗೆ ಬೇರೆ ಲೋಟ ಇತ್ತಾ?"

ಇತ್ತು. ಹೊರಗಿನ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಎರಡು ಅಲ್ಯೂಮಿನಿಯಂ ಲೋಟ. ಗದ್ದೆ ನಮ್ಮ ಹೆಸರಿಗೆ ಆದ ವರ್ಷವೂ ಅಲ್ಲೇ ಇತ್ತು. ಆಮೇಲೆ ನಾನು ಮೇಷ್ಟ್ರಾಗಿ, ಅಸ್ಪೃಶ್ಯತೆಯನ್ನು 17ನೇ ವಿಧಿ ರದ್ದು ಮಾಡಿದೆ ಎಂದು ಬೋರ್ಡಿನ ಮೇಲೆ ಬರೆದು ಸಂಜೆ ಮನೆಗೆ ಬಂದರೆ, ಕೈಕಾಲು ತೊಳೆಯುವ ಜಾಗದಿಂದ ಅದು ನೇರ ಕಾಣುತ್ತಿತ್ತು. ನಾನು ತೆಗೆದು ಬಿಸಾಡಿದೆ ಎಂದು ಹೇಳಿದರೆ ನಿಮಗೆ ಖುಷಿಯಾಗುತ್ತದೆ. ನಾನು ತೆಗೆಯಲಿಲ್ಲ. ಹಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿದೆವು. ಅದರ ಸೂರಿಗೆ ಸಂದಿ ಇರಲಿಲ್ಲ.

"ಈಗ ಚಹಾ ಯಾವುದರಲ್ಲಿ ಕೊಡ್ತೀರಿ ಸಾರ್?"

ಪೇಪರ್ ಕಪ್ಪಿನಲ್ಲಿ.

"ನೀವೂ ಅದರಲ್ಲೇ ಕುಡಿತೀರಾ?"

ಇಲ್ಲ. ನಮಗೆ ಸ್ಟೀಲ್ ಲೋಟ.